ಆಚಾರ್ರ ಸೈಕಲ್ಲು

ಹೆಗಲ ಮೇಲೆ ಬಿಳಿ ಟವೆಲ್ಲು ಹಾಕಿಕೊಂಡು, ಹಂಪಿ ಬಜಾರಿನ ತುದಿಯ ಎದುರು ಬಸವಣ್ಣನ ಕಡೆಯಿಂದ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದವನು ಉಚ್ಚೆಂಗಪ್ಪನೇ ಎಂದು ಖಾತ್ರಿಯಾದ ಕೂಡಲೇ ವಾದಿರಾಜ ನೋಡಿದ್ದು ಬೋರ್ಡನ್ನು. ಅದನ್ನು ತಿರುಗಿಸಿಬಿಡಬೇಕೆಂದು ಕೈ ಮುಂದೆ ಹೋಯಿತು. ಹಳೆಯ ವಾಹನಗಳ ಪ್ರದರ್ಶನದವರು ಅದನ್ನು ಕಬ್ಬಿಣದ ಸ್ಟ್ಯಾಂಡಿಗೆ ತಂತಿಯಿಂದ ಬಿಗಿದು ಕಟ್ಟಿದ್ದರು. ಅಲುಗಲಿಲ್ಲ.

ಬೋರ್ಡಿನ ಎಡಗಡೆ ವಾದಿರಾಜನ ತಾತ ತಿರುಮಲಾಚಾರ್ಯರ ಫೋಟೊ ಇತ್ತು. ಹಣೆಯಲ್ಲಿ ಅಂಗಾರ, ಅಕ್ಷತೆ, ಹೊದ್ದ ಶಾಲು, ಕ್ಯಾಮೆರಾವನ್ನೇ ಅನುಮಾನಿಸುವ ಕಣ್ಣು. ಬಲಗಡೆ ದೊಡ್ಡ ಅಕ್ಷರಗಳಲ್ಲಿ, ‘ಶ್ರೀ ತಿರುಮಲಾಚಾರ್ಯರು ಬಳಸುತ್ತಿದ್ದ ಸೈಕಲ್. ಮೂರು ತಲೆಮಾರಿನಿಂದ ಒಂದೇ ಮನೆಯಲ್ಲಿ.’ ಅದರ ಮುಂದೆ ಸೈಕಲ್ಲು ಕರ್ರಗೆ ಹೊಳೆಯುತ್ತ ನಿಂತಿತ್ತು. ಅದರ ಹ್ಯಾಂಡಲ್ ಹಿಡಿದುಕೊಂಡು ವಾದಿರಾಜನ ಮಗಳು ಮೇಧಾ, ಯಾರೋ ಗಂಡ ಹೆಂಡತಿಗೆ ವಿವರಿಸುತ್ತಿದ್ದಳು.

“ನಮ್ಮ ಮುತ್ತಾತ ಹೊಸಪೇಟೆಯಿಂದ ಇದರ ಮೇಲೇ ತಳವಾರಘಟ್ಟಕ್ಕೆ ಹೋಗ್ತಿದ್ರಂತ. ಅಲ್ಲಿ ಸೈಕಲ್ಲನ್ನೂ ಹರಿಗೋಲಿಗೆ ಹಾಕ್ಕೊಂಡು ಹೊಳೆ ದಾಟಿ, ನವಬೃಂದಾವನದ ಪೂಜಿ ಮುಗಿಸ್ಕೊಂಡು ಬರೋದು.”

“ಭಾಳ ಚಲೋ ಇಟ್ಕೊಂಡೀರಿ,” ಎಂದ ಗಂಡ.

ಆ ಸೈಕಲ್ಲಿನಲ್ಲಿ ತಿರುಮಲಾಚಾರ್ಯರದು ಎನ್ನುವಂಥದ್ದು ಒಂದು ನಟ್ಟೂ ಇರಲಿಲ್ಲ. ಮುಂದಿನ ಚಕ್ರ ಹಿಡಿಯುವ ಫೋರ್ಕು ಸಂಡೂರಿನ ಗುಜರಿಯದು. ಮಡ್‌ಗಾರ್ಡು ಎರಡೂ ಮರಿಯಮ್ಮನಹಳ್ಳಿಯ ಲಾರಿ ಶೆಡ್ಡೊಂದರ ಹಿಂದೆ ಬಿದ್ದಿದ್ದವು. ಹಿತ್ತಾಳೆಯ ಬೆಲ್ಲನ್ನು ಇದೇ ಹಂಪಿ ಬಜಾರಿನಲ್ಲಿ, ಪರದೇಶದವರಿಗೆ ಹಳೆಯ ಬೀಗ, ದೀಪ ಮಾರುವವನ ಹತ್ತಿರ ಚೌಕಾಸಿ ಮಾಡಿ ಕೊಂಡದ್ದು. ಫ್ರೇಮು ಮತ್ತು ತೊಗಲಿನ ಸೀಟು ಮಾತ್ರ ಒಂದೇ ಕಡೆಯವು. ಕಂಪ್ಲಿಯ ಕಾಲುವೆಯ ಪಕ್ಕದ ಒಂದು ದನದ ಕೊಟ್ಟಿಗೆಯಿಂದ ಬಂದವು. ಆ ಕೊಟ್ಟಿಗೆ ಉಚ್ಚೆಂಗಪ್ಪನದು.

ವಾದಿರಾಜ ಸಂಡೂರಿನ ಕಡೆ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್. ಅದಿರಿನ ಪುಡಿಯಲ್ಲಿ ಕಬ್ಬಿಣ ಎಷ್ಟು, ಕಲ್ಮಶ ಎಷ್ಟು ಎಂದು ಅಳೆದು ಸಹಿ ಹಾಕುವುದು ಅವನ ಕೆಲಸ. ಎರಡು ರಾಶಿಯ ಮಣ್ಣು ಅಪ್ಪಿತಪ್ಪಿ ಬೆರೆತರೆ ಆ ಸ್ಯಾಂಪಲ್ಲನ್ನು ಚೆಲ್ಲಿಸಿ ಮತ್ತೆ ತರಿಸುತ್ತಿದ್ದ. ಮೇಲಿನವರು ಫೋನು ಮಾಡಿ, ಒಂದು ಪಾಯಿಂಟು ಆಕಡೆ ಈಕಡೆ ನೋಡಿ ಸಾರ್ ಎಂದರೆ ಫೋನು ಇಟ್ಟುಬಿಡುತ್ತಿದ್ದ. ಅಂಥವನಿಗೆ ಐವತ್ತು ದಾಟಿದ ಮೇಲೆ ಹಳೆಯ ಸೈಕಲ್ಲಿನ ಹುಚ್ಚು ಹತ್ತಿತು. ರಜೆಯ ದಿನ ಊರೂರು ತಿರುಗಿ ಬಿಡಿಭಾಗ ಹುಡುಕುವುದು, ಹಿತ್ತಲಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ತುಂಬಿದ ಡ್ರಮ್ಮಿನಲ್ಲಿ ಅವನ್ನು ಮುಳುಗಿಸಿ ತುಕ್ಕು ಬಿಡಿಸುವುದು. ಕಾಕಂಬಿ ಕಬ್ಬಿಣವನ್ನು ಮುಟ್ಟದೆ ತುಕ್ಕನ್ನಷ್ಟೇ ತಿನ್ನುತ್ತದೆ ಎಂದು ಅವನು ಹೆಂಡತಿ ನೀರಜಾಳಿಗೆ ಸಂಭ್ರಮದಿಂದ ಹೇಳಿದಾಗ ಅವಳು, “ಇರುವಿನೂ ಮುಟ್ಟಂಗಿಲ್ಲ ಅಂತ ಹೇಳ್ರಿ ಅದಕ್ಕ. ಅಡಿಗಿ ಮನಿ ತನಕ ಸಾಲು ಹಚ್ಚ್ಯಾವ,” ಎಂದಿದ್ದಳು.

ಉಚ್ಚೆಂಗಪ್ಪನ ಕೊಟ್ಟಿಗೆಯಲ್ಲಿ ಆ ಫ್ರೇಮು ತೊಲೆಗೆ ತೂಗುಬಿದ್ದಿತ್ತು. ಸೀಟಿನಿಂದ ಹ್ಯಾಂಡಲಿನವರೆಗಿನ ಅದರ ಅಡ್ಡ ಬಾರಿನ ಮೇಲೆ ಕೋಳಿಗಳು ಕೂತಿದ್ದವು.

“ನಮ್ಮಪ್ಪ ಹೋದ ಮ್ಯಾಲೆ ಈ ಕೋಳಿ ಅಷ್ಟ ಹತ್ತ್ಯಾವ್ರಿ ಸೈಕಲ್ಲು,” ಎಂದು ಉಚ್ಚೆಂಗಪ್ಪ ನಕ್ಕು, ಕೋಳಿಗಳನ್ನು ಎಬ್ಬಿಸಿ ಫ್ರೇಮು ಇಳಿಸಿದ್ದ. ಅವನ ಅಪ್ಪ ಪಾಲಪ್ಪ ನೀರುಗಂಟಿ. ಕಾಲುವೆಯ ತೂಬು ಎತ್ತಿ ಇಳಿಸಿ, ಪಾಳಿಯ ಪ್ರಕಾರ ಹೊಲಗದ್ದೆಗಳಿಗೆ ನೀರು ಬಿಡುವವನು. ದಿನಾ ನಸುಕಿನಲ್ಲಿ ಕಾಲುವೆಯ ದಂಡೆಗುಂಟ ಇದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದ. ನೀರು ಬಂತೆಂದು ಗೊತ್ತಾಗಲು ಬೆಲ್ಲು ಬಾರಿಸುತ್ತಿದ್ದ. ಬಾರಿನ ನಡುವೆ ನಾಲ್ಕು ತಗ್ಗುಗಳಿದ್ದವು. ಉಚ್ಚೆಂಗಪ್ಪ ಸಣ್ಣವನಿದ್ದಾಗ ಅವನಿಗೆಂದು ಕೂರಿಸಿದ್ದ ಬೇಬಿ ಸೀಟಿನ ಬೋಲ್ಟುಗಳು ಒತ್ತಿದ ಗುರುತು. ಅವನು ಹೆಬ್ಬೆರಳನ್ನು ಒಂದು ತಗ್ಗಿನಲ್ಲಿಟ್ಟು, “ನನ್ನ ಸಿಂಹಾಸನ ಇಲ್ಲಿತ್ರಿ,” ಎಂದಿದ್ದ.

ರೊಕ್ಕ ಬೇಡವೆಂದ. “ಕೋಳಿಗ್ಯಾಕ್ ರೊಕ್ಕ ಕೊಡ್ತೀರಿ? ಓಡೋ ಹಂಗ ಮಾಡ್ರಿ, ಸಾಕು. ಆದ ಮ್ಯಾಲೆ ಒಂದ್ಸಲ ತಂದು ನಮ್ಮವ್ವಗ ತೋರಿಸ್ರಿ. ಆಕೀಗೆ ಕಣ್ಣು ಮಂಜಾಗ್ಯಾವ, ಪೂರ್ತಿ ಹೋಗದ್ರೊಳಗ ನೋಡ್ಬೇಕಂತ.”

ತೋರಿಸುತ್ತೇನೆ ಎಂದು ವಾದಿರಾಜ ಮಾತು ಕೊಟ್ಟಿದ್ದ. ಕೊಟ್ಟಾಗ ಅದು ಸುಳ್ಳಾಗಿರಲಿಲ್ಲ.

ಸೈಕಲ್ಲು ಮುಗಿಯುತ್ತ ಬಂದಾಗ, ಹಳೆಯ ವಾಹನಗಳ ಪ್ರದರ್ಶನ ಮಾಡುವ ಕಿರಣ್ ಕುಮಾರ್ ಮನೆಗೆ ಬಂದ. ಹೊಸಪೇಟೆಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟವನು, ಮಾತುಗಾರ. ಬಗ್ಗಿ ನೋಡಿದ, ಚಕ್ರ ತಿರುಗಿಸಿ ಕಿವಿ ಕೊಟ್ಟು ಕೇಳಿದ. “ಮಸ್ತ್ ಅದ ಸಾರ್. ಆದ್ರ ಇದು ಜೋಡ್ಸಿದ್ದಲ್ಲ ಹೌದಿಲ್ಲೋ? ಅಲ್ಲಿಂದು ಇಲ್ಲಿಂದು ಸೇರ್ಸಿ ಮಾಡಿದ ಖಿಚಡಿ ಗಾಡಿ ನಾವು ತಗೊಳಂಗಿಲ್ಲ ನೋಡ್ರಿ. ಮನಿತನದ್ದಾದ್ರ ಮುಂದಿನ ಸಾಲಿನಾಗ ನಿಲ್ಲಸ್ತೀನಿ. ಯಾರ್ದಿದು?”

“ನಮ್ಮ ತಾತಂದು,” ಎಂದ ವಾದಿರಾಜ.

ಹಾಗೆ ಹೇಳಬೇಕೆಂದು ಅವನು ಯೋಚಿಸಿರಲಿಲ್ಲ. ಖಿಚಡಿ ಎಂಬ ಮಾತು ಚುಚ್ಚಿತ್ತು, ಅಷ್ಟೆ. ಮರುದಿನ ಫೋನು ಮಾಡಿ ಸರಿಪಡಿಸಿದರಾಯಿತು ಎಂದುಕೊಂಡ. ಆದರೆ ಬಳ್ಳಾರಿಯಲ್ಲಿ ಎಂ.ಎಸ್ಸಿ. ಓದುವ ಮೇಧಾ ಅಂದು ಮನೆಯಲ್ಲಿದ್ದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. “ಅಪ್ಪಾ, ಮುತ್ತಾತಂದಾ? ನಂಗ್ಯಾಕ ಹೇಳಿರಲಿಲ್ಲ?” ಎಂದು ಬಂದು ಸೀಟಿನ ಮೇಲೆ ಕೈಯಿಟ್ಟಳು. ವರ್ಷಗಟ್ಟಲೆ ಅಪ್ಪನ ಈ ಹುಚ್ಚಿನ ಕಡೆ ತಿರುಗಿಯೂ ನೋಡದವಳು ಅಂದು ಸಂಜೆಯವರೆಗೂ ಅವನ ಪಕ್ಕದಲ್ಲಿ ಕೂತು ಕೇಳಿದಳು. ಎಲ್ಲಿಗೆ ಹೋಗುತ್ತಿದ್ದರು, ಬೆಲ್ಲು ಹೇಗೆ ಬಾರಿಸುತ್ತಿದ್ದರು, ನಿನ್ನನ್ನು ಕೂರಿಸಿಕೊಂಡಿದ್ದರಾ. ವಾದಿರಾಜ ಹೇಳುತ್ತ ಹೋದ. ತಳವಾರಘಟ್ಟವೂ ಹರಿಗೋಲೂ ಅಂದೇ ಹುಟ್ಟಿದವು.

ಅವತ್ತು ಊಟ ಬಡಿಸುತ್ತ ನೀರಜಾ ಕೇಳಿದಳು. “ಏನ್ರೀ, ಮಾವನವರ ಅಪ್ಪ ಮಡಿ ಉಟ್ಕೊಂಡು ತೊಗಲಿನ ಸೀಟಿನ ಮೇಲೆ ಕೂಡ್ತಿದ್ರಾ?”

ಹುಳಿಯನ್ನ ಕಲಸುತ್ತಿದ್ದ ಅವನ ಕೈ ನಿಂತಿತು. ಇಷ್ಟು ಲೆಕ್ಕಾಚಾರದ ಮನುಷ್ಯನಿಗೆ ಅದು ಹೊಳೆದಿರಲಿಲ್ಲ. ತಾತ ಚಪ್ಪಲಿಯ ಅಂಗಡಿಯ ಮುಂದೆ ಹೋಗುವಾಗ ಉಸಿರು ಹಿಡಿಯುತ್ತಿದ್ದವರು. ಬಸ್ಸಿನಲ್ಲಿ ಹೋದರೆ ಬಂದು ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದರು. ನವಬೃಂದಾವನಕ್ಕೆಂದು ಆನೆಗೊಂದಿಗೆ ಹೋಗುವುದಿದ್ದರೆ ನಡೆದೇ ಹೋಗುತ್ತಿದ್ದರು.

“ಸಾರು ಹಾಕು,” ಎಂದ.

ಮಾರನೆಯ ದಿನ ಪೇಟೆಗೆ ಹೋಗಿ, ಅಂಚಿಗೆ ಗೊಂಡೆಗಳಿರುವ ಕೆಂಪು ಮಕಮಲ್ಲಿನ ಸೀಟು ಕವರು ತಂದು ತೊಗಲಿನ ಮೇಲೆ ಬಿಗಿದು ದಾರ ಕಟ್ಟಿದ. ಅದೇ ಕೈಯಲ್ಲಿ ಬಾರಿನ ಮೇಲಿನ ನಾಲ್ಕು ತಗ್ಗಿಗೂ ಪೇಂಟಿನವರ ಪುಟ್ಟಿ ತುಂಬಿ, ನೀರು ಹಾಕಿ ಉಜ್ಜಿ, ಬೆರಳಿಗೆ ತೊಡರದಷ್ಟು ನುಣುಪು ಮಾಡಿ, ಮತ್ತೊಮ್ಮೆ ಕರಿ ಬಣ್ಣ ಹೊಡೆದ. ಆಚಾರ್ಯರ ಸೈಕಲ್ಲಿನಲ್ಲಿ ಬೇಬಿ ಸೀಟಿನ ಗುರುತು ಯಾಕಿರಬೇಕು? ಕಂಪ್ಲಿಗೆ ಒಯ್ಯುವುದು ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ಸರಿಯುತ್ತ ಹೋಯಿತು.

ಈಗ ಆ ಉಚ್ಚೆಂಗಪ್ಪ ಒಗೆದ ಬಿಳಿ ಅಂಗಿಯಲ್ಲಿ, ಕೈಯಲ್ಲೊಂದು ಸುಗಂಧಿ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು, ದೂರದಿಂದಲೇ ನಗುತ್ತ ಬಂದು ನಿಂತ.

“ಸಾರ್! ನೀವ್ ಬರಲಿಲ್ಲ, ನಾನ ಬಂದೆ ನೋಡ್ರಿ. ನಮ್ಮ ಸೊಸಿ ದುರ್ಗಾ ಮೊಬೈಲಿನಾಗ ಫೋಟೊ ತೋರಿಸಿದ್ಳು. ಹ್ಯಾಂಡಲ್ ಕೆಳಗಿನ ಹಿತ್ತಾಳಿ ಬೆಸಿಗಿ ಗಂಟು ನೋಡಿದ ಕೂಡ್ಲೆ ಅಂದೆ, ಲೇ ಇದು ನಮ್ಮ…”

ಅಲ್ಲಿಗೆ ಅವನ ಕಣ್ಣು ಬೋರ್ಡಿಗೆ ಹೋಯಿತು.

ಅವನು ನಿಧಾನ ಓದುವವನು. ತುಟಿಗಳು ಒಂದೊಂದೇ ಅಕ್ಷರಕ್ಕೆ ಅಲುಗಿದವು. ಶ್ರೀ. ತಿರುಮಲಾಚಾರ್ಯರು. ವಾದಿರಾಜ ಆ ತುಟಿಗಳನ್ನೇ ನೋಡುತ್ತ ನಿಂತ. ‘ಒಂದೇ ಮನೆಯಲ್ಲಿ’ ಎಂಬಲ್ಲಿಗೆ ಬಂದು ಅವು ನಿಂತವು. ಮಾತನಾಡಬೇಕೆಂದು ವಾದಿರಾಜ ಬಾಯಿ ತೆರೆದ.

“ಅಜ್ಜಾ, ನಿಮಗ ಗೊತ್ತಾ ಈ ಸೈಕಲ್ಲು?” ಎಂದು ಮೇಧಾ ಅವನ ಕಡೆ ತಿರುಗಿದಳು. ಅವಳ ಕೈಯಲ್ಲಿ ಮೊಬೈಲು ಆಗಲೇ ಮೇಲೆದ್ದಿತ್ತು.

ಉಚ್ಚೆಂಗಪ್ಪ ವಾದಿರಾಜನತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಂತೆಯ ನಡುವೆ ಹಿರಿಯನೊಬ್ಬನ ಪಂಚೆ ಜಾರಿದ್ದನ್ನು ಕಂಡವನಂತೆ ಅವನು ಒಂದು ಗಳಿಗೆ ನೋಡಿ, ಕಣ್ಣು ಬೇರೆ ಕಡೆ ಮಾಡಿಕೊಂಡ.

“ಗೊತ್ತಿಲ್ಲೇನವ್ವಾ,” ಎಂದ. “ಆಚಾರ್ರ ಸೈಕಲ್ಲಲ್ಲೇನು?”

“ಅಯ್ಯೋ! ನೀವು ನೋಡಿದ್ರಾ ನಮ್ಮ ಮುತ್ತಾತನ್ನ?”

“ನೋಡೀನವ್ವಾ. ಕಂಪ್ಲಿ ಕಡೆ ಬರ್ತಿದ್ರು. ಕಾಲುವಿ ದಂಡಿಗುಂಟ.”

ಮೇಧಾ ಕೈಬೀಸಿ ಕಿರಣ್ ಕುಮಾರನನ್ನು ಕರೆದಳು. ಅವನು ಮೈಕು ಹಿಡಿದುಕೊಂಡೇ ಓಡಿ ಬಂದ. ಜೀಪುಗಳ ಹತ್ತಿರ, ಹಳೆಯ ಸ್ಕೂಟರುಗಳ ಹತ್ತಿರ ಇದ್ದವರೆಲ್ಲ ಈ ಕಡೆ ಬಂದು ಸೇರಿದರು. “ಬರ್ರಿ ಯಜಮಾನ್ರ, ಹಿಂಗ್ ಬರ್ರಿ. ಸೈಕಲ್ಲಿಗೆ ಸಾಕ್ಷಿ ಸಿಕ್ಕರು ನೋಡ್ರಪಾ!” ಎಂದು ಮೈಕಿನಲ್ಲಿ ಕೂಗಿ, ಅದನ್ನು ಉಚ್ಚೆಂಗಪ್ಪನ ಬಾಯಿಯ ಹತ್ತಿರ ಹಿಡಿದ. ಉಚ್ಚೆಂಗಪ್ಪ ಬಾಳೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದು ಕೈಗೆ ಮಾಡಿ, ಕೊನೆಗೆ ಕಲ್ಲಿನ ಮೇಲಿಟ್ಟ.

“ಏನ್ ಹೇಳಾದ್ರಿ… ನಸಿಕಿನ್ಯಾಗ ಬರ್ತಿದ್ರು. ಇನ್ನಾ ಬೆಳಕ ಹರಿದಿರ್ತಿದ್ದಿಲ್ಲ. ಬೆಲ್ಲಿನ ಸಪ್ಪಳ ಕೇಳಿತಂದ್ರ ನಮ್ಮವ್ವ ಎದ್ದು ಒಲಿ ಹಚ್ಚಾಕಿ. ಊರಾಗ ಯಾರ ಮನ್ಯಾಗೂ ಗಡಿಯಾರ ಇದ್ದಿಲ್ಲ. ಆ ಬೆಲ್ಲೇ ನಮ್ಗ ಗಡಿಯಾರ.” ಶುರುವಿನಲ್ಲಿ ತಡವರಿಸಿದ ದನಿ ಹೋಗುತ್ತ ಹೋಗುತ್ತ ಸಲೀಸಾಯಿತು. ಯಾಕೆಂದರೆ ಅವನು ಏನನ್ನೂ ಕಟ್ಟಿ ಹೇಳುತ್ತಿರಲಿಲ್ಲ. ಒಂದು ಹೆಸರನ್ನು ಮಾತ್ರ ಬಿಟ್ಟು ಹೇಳುತ್ತಿದ್ದ. “ಮಳಿಗಾಲ್ದಾಗ ದಂಡಿ ಜಾರ್ತಿತ್ತು. ಆವಾಗ ಸೈಕಲ್ಲ ಹೆಗಲ ಮ್ಯಾಲೆ ಹೊತ್ಕೊಂಡು ಬರೋರು, ಕೂಸಿನ ಹೊತ್ತಂಗ. ಯಾರರ ಕೇಳಿದ್ರ, ದಿನಾ ಇದು ನನ್ನ ಹೊರ್ತದ, ಇವತ್ತು ನಾ ಹೊರ್ತೀನಿ, ಅನ್ನೋರು.”

ಜನ ನಕ್ಕರು. ಮೇಧಾಳ ಮುಖ ಬೆಳಗುತ್ತಿತ್ತು.

“ನಾ ಸಣ್ಣಾಂವ. ಅಳಾಕ ಹತ್ತಿದ್ರ ಮುಂದ ಬಾರಿನ ಮ್ಯಾಲೆ ಕುಂದ್ರಿಸ್ಕೊಂಡು ಒಂದ್ ಸುತ್ತು ಹಾಕಿಸ್ತಿದ್ರು. ಇಲ್ಲೇ, ನೋಡ್ರಿ…”

ಅವನು ಬಾರಿನ ಮೇಲೆ ಹೆಬ್ಬೆರಳಿಟ್ಟ. ಬೆರಳು ಮುಂದಕ್ಕೆ ಸರಿಯಿತು, ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ನುಣುಪಾದ ಕರಿ ಬಣ್ಣದ ಮೇಲೆ ಅದು ಎಲ್ಲಿಯೂ ನಿಲ್ಲಲಿಲ್ಲ. ಮಾತು ನಿಂತು, ಮೈಕಿನಲ್ಲಿ ಅವನ ಉಸಿರಷ್ಟೇ ಕೇಳಿಸಿತು.

“ನಿಮ್ಮನ್ನ ಕೂಡಿಸ್ಕೊಂಡಿದ್ರಾ? ಮಡಿ ಇರ್ತಿರ್ಲಿಲ್ವಾ ಅವ್ರಿಗೆ?” ಎಂದಳು ಮೇಧಾ.

ಉಚ್ಚೆಂಗಪ್ಪ ಬೆರಳು ತೆಗೆದ. “ಮಡಿ ಮನ್ಯಾಗ ಇಟ್ಟು ಬರ್ತಿದ್ರವ್ವಾ. ಕಾಲುವಿ ದಂಡಿ ಮ್ಯಾಲೆ ಯಾರ್ ನೋಡ್ತಾರ?”

ಚಪ್ಪಾಳೆ ಬಿದ್ದಿತು. “ಆ ಕಾಲದಲ್ಲೇ ಎಂಥಾ ಮನುಷ್ಯ ನೋಡ್ರಿ!” ಎಂದು ಹಿಂದಿನಿಂದ ಯಾರೋ ಅಂದರು. ಕಿರಣ್ ಕುಮಾರ್ ಮೊದಲೇ ತರಿಸಿಟ್ಟಿದ್ದ ಶಾಲನ್ನು ವಾದಿರಾಜನ ಹೆಗಲಿಗೆ ಹೊದಿಸಿದ. ವಾದಿರಾಜ ಕೈ ಮುಗಿದ. ಬೇರೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕೈ ಮುಗಿದು ನಿಂತವನಿಗೆ ಹೊಸಪೇಟೆಯ ಹಳೆಯ ಮನೆಯ ಹೊರಗಿನ ಕಟ್ಟೆ ನೆನಪಾಯಿತು. ಹಬ್ಬಕ್ಕೆ ಬಾಳೆಲೆಯ ಕಟ್ಟು ತಂದವನು ಅದನ್ನು ಕಟ್ಟೆಯ ಮೇಲಿಟ್ಟು ದೂರ ಸರಿದು ಬಿಸಿಲಲ್ಲಿ ನಿಲ್ಲುತ್ತಿದ್ದ. ಒಳಗಿನಿಂದ ತಾತ, “ವಾದೀ, ನೀರು ಹಾಕೋ,” ಎನ್ನುತ್ತಿದ್ದರು. ತಂಬಿಗೆಯಿಂದ ಎಲೆಯ ಕಟ್ಟಿನ ಮೇಲೆ ನೀರು ಸುರಿಯುತ್ತಿದ್ದವನು ವಾದಿರಾಜನೇ. ಅದು ಅವನಿಗೆ ಆಗ ಆಟದ ಹಾಗಿತ್ತು. ತಂದವನ ಮುಖ ಹೇಗಿತ್ತೆಂದು ಈಗ ಎಷ್ಟು ಯತ್ನಿಸಿದರೂ ನೆನಪಾಗಲಿಲ್ಲ.

ಊಟದ ಹೊತ್ತಿಗೆ ಜನ ಪುಳಿಯೋಗರೆ, ಮೊಸರನ್ನದ ಪೆಂಡಾಲಿನ ಕಡೆ ಹೋದರು. ಮೇಧಾ ಸ್ನೇಹಿತೆಯರು ಸಿಕ್ಕರೆಂದು ಸಾಲುಮಂಟಪಗಳತ್ತ ಹೋದಳು. ಉಚ್ಚೆಂಗಪ್ಪ ಹೋಗಿರಲಿಲ್ಲ. ಕಲ್ಲಿನ ಮೇಲಿಂದ ಬಾಳೆಹಣ್ಣು ಎತ್ತಿ ತಂದು ಕೊಟ್ಟ.

“ಇದನ್ನ ಕೊಡೋದ ಮರ್ತಿದ್ದೆ. ತಗೋರಿ. ನಮ್ಮ ಹಿತ್ಲಂದ.”

ವಾದಿರಾಜ ಎರಡೂ ಕೈಯಿಂದ ತೆಗೆದುಕೊಂಡ. “ಉಚ್ಚೆಂಗಪ್ಪ, ನೀವ್ಯಾಕ ಹಂಗ ಹೇಳಿದ್ರಿ?”

“ಮತ್ತೇನ್ ಹೇಳ್ಲಿ? ಮಗಳು ನಿಂತಿದ್ಳಲ್ರಿ.” ಅವನು ನಗಲು ನೋಡಿದ. “ನಂಗೂ ಒಬ್ಬಾಕಿ ಮಗಳದಾಳ.”

“ನಾನು ಹೇಳಿಬಿಡ್ತೀನಿ. ಈಗ್ಲೇ, ಎಲ್ಲಾರೂ ಇರ್ಬೇಕಾದ್ರನ ಮೈಕಿನಾಗ…”

“ಬ್ಯಾಡ್ರಿ.” ದನಿ ಜೋರಾಗಿರಲಿಲ್ಲ, ಆದರೆ ನಗು ಹೋಗಿತ್ತು. “ಬೋರ್ಡು ಬರ್ಸಿದ್ದು ನೀವು. ಮೈಕಿನಾಗ ಅಂದದ್ದು ನಾನು. ಈಗ ನೀವ್ ಖರೇ ಹೇಳಿದ್ರಿ ಅಂದ್ರ ನಿಮ್ಗ ಇನ್ನೊಂದ್ ಶಾಲು ಹಾಕ್ತಾರ. ಸುಳ್ಳ ಹೇಳಿದಾಂವ ಅಂತ ಕಂಪ್ಲಿಯಾಗ ನನ್ನ ಮಾರಿ ನೋಡಿ ನಗ್ತಾರ.”

ವಾದಿರಾಜನಿಗೆ ಹೆಗಲ ಮೇಲೆ ಇನ್ನೂ ಶಾಲು ಇದೆಯೆಂದು ಆಗ ಗೊತ್ತಾಯಿತು. ತೆಗೆದು ಮಡಿಸಲು ಹೋದ. ಒಂದು ಕೈಯಲ್ಲಿ ಬಾಳೆಹಣ್ಣಿತ್ತು.

“ಸಾರ್, ಒಂದ್ ಫೋಟೊ ಹೊಡೀತೀರೇನ್ರಿ? ಅವ್ವಗ ತೋರಿಸ್ಬೇಕು,” ಎಂದು ಉಚ್ಚೆಂಗಪ್ಪ ತನ್ನ ಮೊಬೈಲು ಕೊಟ್ಟು, ಸೈಕಲ್ಲಿನ ಪಕ್ಕಕ್ಕೆ ಹೋಗಿ ನಿಂತ. ನಿಂತವನು ತಿರುಗಿ ನೋಡಿದ. “ಬೋರ್ಡು ಬರದಂಗ ಹೊಡೀರಿ. ಅವ್ವಗ ಓದಾಕ ಬರಂಗಿಲ್ಲ. ಆದ್ರ ಮೊಮ್ಮಗಳು ಶಾಲಿಗೆ ಹೋಗ್ತದ, ಓದಿ ಹೇಳಿಬಿಡ್ತದ.”

ವಾದಿರಾಜ ಎಡಕ್ಕೆ ಸರಿದ, ಬಲಕ್ಕೆ ಸರಿದ, ಮಂಡಿಯೂರಿ ಕೂತ. ಎಲ್ಲಿಂದ ನೋಡಿದರೂ ಸೈಕಲ್ಲಿನ ಹಿಂದೆ ತಾತನ ಮುಖ ಬರುತ್ತಿತ್ತು. ಸೈಕಲ್ಲನ್ನು ಈಚೆಗೆ ತರೋಣವೆಂದರೆ ಅದನ್ನೂ ಸರಪಳಿ ಹಾಕಿ ಕಂಬಿಗೆ ಕಟ್ಟಿದ್ದರು. ಬೀಗದ ಕೈ ಕಿರಣ್ ಕುಮಾರನ ಹತ್ತಿರ.

ಉಚ್ಚೆಂಗಪ್ಪ ಹೆಗಲಿನ ಟವೆಲ್ಲು ತೆಗೆದ. ಬೋರ್ಡಿನ ಕಡೆ ಒಂದು ಹೆಜ್ಜೆ ಇಟ್ಟು, ನಿಂತ. “ಇದನ್ನ ಮ್ಯಾಲೆ ಹಾಕಿದ್ರ ನಡೀತದೇನ್ರಿ? ದೊಡ್ಡೋರ ಫೋಟೊ ಅದ… ನನ್ನ ಟವೆಲ್ಲು, ಬಸ್ಸಿನಾಗ ಬೆವರು ಒರಸಿಕೊಂಡೀನಿ.”

ವಾದಿರಾಜ ಅವನ ಕೈಯಿಂದ ಟವೆಲ್ಲು ಇಸಿದುಕೊಂಡ. ಅದು ಒದ್ದೆಯಾಗಿತ್ತು. ಬಟ್ಟೆ ಸಾಬೂನಿನ, ಬೀಡಿಯ, ಬಿಸಿಲಿನ ವಾಸನೆ ಇತ್ತು. ಅದನ್ನು ಬಿಡಿಸಿ ತಾತನ ಹಣೆಯಿಂದ ಬಲಗಡೆಯ ಅಕ್ಷರಗಳವರೆಗೆ ಇಳಿಬಿಟ್ಟು, ಗಾಳಿಗೆ ಹಾರದಂತೆ ಎರಡೂ ತುದಿಗಳನ್ನು ತಂತಿಗೆ ಸಿಕ್ಕಿಸಿದ. ತಿರುಗಿ ಬಂದು ಮೊಬೈಲು ಎತ್ತಿದ. ಉಚ್ಚೆಂಗಪ್ಪ ಅಂಗಿಯ ಗುಂಡಿ ಹಾಕಿಕೊಂಡು, ಸೀಟಿನ ಮೇಲೆ ಒಂದು ಕೈ, ಹ್ಯಾಂಡಲಿನ ಮೇಲೆ ಒಂದು ಕೈ ಇಟ್ಟು, ಎತ್ತಿನ ಪಕ್ಕದಲ್ಲಿ ನಿಂತವನಂತೆ ನೆಟ್ಟಗೆ ನಿಂತ. ತೆರೆಯ ಮೇಲೆ ಅವನು ಮಸುಕಾಗಿ ಕಂಡ. ಮಸುಕು ಮೊಬೈಲಿನದಲ್ಲ ಎಂದು ತಿಳಿದು ವಾದಿರಾಜ ಕನ್ನಡಕ ಒರೆಸಿಕೊಂಡ.

ಫೋಟೊ ನೋಡಿ ಉಚ್ಚೆಂಗಪ್ಪ ತಲೆಯಾಡಿಸಿದ. “ಚಲೋ ಬಂದದ.” ಮೊಬೈಲನ್ನು ಅಂಗಿಯ ಜೇಬಿಗೆ ಇಳಿಸಿ, ಹೊರಡುವವನು ನಿಂತು ಕೇಳಿದ.

“ಆ ತಗ್ಗು… ಮುಚ್ಚಿಬಿಟ್ರೇನ್ರಿ?”

“ಪುಟ್ಟಿ ತುಂಬಿದೆ.”

“ಹೂಂ. ನುಣ್ಣಗಾಗ್ಯದ,” ಎಂದು ಉಚ್ಚೆಂಗಪ್ಪ ನಡೆದ. ಬಸ್ಸಿನ ಕಡೆ ಅವನು ಬಹಳ ದೂರ ಹೋದ ಮೇಲೆ ವಾದಿರಾಜನಿಗೆ ಟವೆಲ್ಲು ನೆನಪಾಯಿತು.

ಮರುದಿನ ಮನೆಯಲ್ಲಿ ಫೋನು ಸುಮ್ಮನಾಗಲಿಲ್ಲ. ಮೇಧಾ ಹಾಕಿದ ವಿಡಿಯೊ ಬಂ‌ಧುಬಳಗದ ಎಲ್ಲ ಗುಂಪುಗಳಲ್ಲೂ ತಿರುಗುತ್ತಿತ್ತು. ನೀರಜಾ ಅಡುಗೆಮನೆಯಲ್ಲಿ ನಿಂತು ಬಂದ ಮಾತುಗಳನ್ನು ಒಂದೊಂದಾಗಿ ಓದಿ ಹೇಳಿದಳು, ಗಂಡನ ಮುಖ ನೋಡದೆ. ರಾಯಚೂರಿನಿಂದ ಚಿಕ್ಕಪ್ಪ ಅಕ್ಷೋಭ್ಯ ಫೋನು ಮಾಡಿದರು. ತಿರುಮಲಾಚಾರ್ಯರ ಮಕ್ಕಳಲ್ಲಿ ಉಳಿದವರು ಅವರೊಬ್ಬರೇ.

“ವಾದೀ, ಅಪ್ಪ ಸೈಕಲ್ ಹೊಡೀತಿದ್ದನೇನೋ? ನಂಗ ನೆನಪೇ ಇಲ್ಲಲ್ಲ.”

“ಚಿಕ್ಕಪ್ಪಾ, ಅದು…”

“ತಡಿ ತಡಿ. ಒಂದು ಬೆಲ್ಲಿನ ಸಪ್ಪಳ ನೆನಪದ ನೋಡು. ಹೌದು, ಬೆಳಗಿನ ಜಾವ. ಹೌದ್ಹೌದು, ಅಪ್ಪನೇ. ಎಷ್ಟು ಮರ್ತು ಹೋಗಿತ್ತು ನಂಗ!” ಮುದುಕರು ಆಚೆ ಮೂಗು ಸೀನಿಕೊಂಡರು. “ಹೊರಗಿನವ್ರು ಬಂದು ನೆನಪು ಮಾಡಿಕೊಡೋ ಹಂಗಾಯ್ತಲ್ಲೋ. ನಾವು ಅಪ್ಪನ್ನ ಬರೀ ಸಿಟ್ಟಿನ ಮನುಷ್ಯ ಅನ್ಕೊಂಡಿದ್ವಿ.”

ವಾದಿರಾಜ ಫೋನು ಇಟ್ಟ. ಜಗಲಿಯಲ್ಲಿ ಮೇಧಾ ಚಾರ್ಜರಿನ ವಯರು ಸುತ್ತಿಕೊಳ್ಳುತ್ತಿದ್ದಳು. “ಅಪ್ಪಾ, ನಾಳೆ ಕಂಪ್ಲಿಗೆ ಹೋಗೋಣ. ಆ ಅಜ್ಜನ ಅವ್ವ ಇನ್ನೂ ಇದ್ದಾರಂತ ವಿಡಿಯೊ ಕೆಳಗ ಯಾರೋ ಬರ್ದಾರ, ಬೆಲ್ಲು ಕೇಳಿ ಒಲಿ ಹಚ್ಚತಿದ್ದೋರು. ಅವ್ರನ್ನ ಮಾತಾಡಿಸಿ ಇನ್ನೊಂದು ವಿಡಿಯೊ ಮಾಡ್ತೀನಿ. ಅವ್ರ ಬಾಯಿಂದ ಮುತ್ತಾತನ ಬಗ್ಗೆ ಕೇಳಬೇಕು.”

“ಬ್ಯಾಡ.”

“ಯಾಕ?”

ಅವನು ಹಿತ್ತಲಿಗೆ ಹೋದ. ಉಚ್ಚೆಂಗಪ್ಪ ಮನೆಗೆ ಹೋಗಿ ತಾಯಿಗೆ ಏನು ಹೇಳಿಕೊಟ್ಟಿರಬಹುದು ಎಂದು ಅವನಿಗೆ ಹೊಳೆದಿತ್ತು. ಮೊಬೈಲಿನ ಮುಂದೆ ಕೂತು ಮಂಜುಗಣ್ಣಿನ ಆ ಮುದುಕಿಯೂ ಗಂಡನ ಹೆಸರು ನುಂಗಿಕೊಂಡು, ಆಚಾರ್ರು ಬರ್ತಿದ್ರು ಎನ್ನುವಳು. ಬಂದ ಅತಿಥಿಗಳ ಮಾನಕ್ಕಾಗಿ ಅನ್ನುವಳು.

ಸಂಜೆಯ ಬಿಸಿಲು ಕಾಕಂಬಿಯ ಡ್ರಮ್ಮಿನ ಮೇಲೆ ಬಿದ್ದಿತ್ತು. ಸೈಕಲ್ಲು ಗೋಡೆಗೆ ಆನಿಕೊಂಡಿತ್ತು. ವಾದಿರಾಜ ಹಳೆಯ ಬ್ಲೇಡು ತೆಗೆದುಕೊಂಡು ಬಾರಿನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತ. ಎಲ್ಲಿ ಕೆರೆಯಬೇಕೆಂದು ಹುಡುಕಬೇಕಾಗಿರಲಿಲ್ಲ. ಕರಿ ಬಣ್ಣ ಸುರುಳಿಯಾಗಿ ಎದ್ದಿತು. ಅದರ ಕೆಳಗೆ ಬೂದು ಬಣ್ಣ. ಅದರ ಕೆಳಗೆ ಪುಟ್ಟಿ ಹಿಟ್ಟಿನಂತೆ ಉದುರಿತು. ಒಂದು ತಗ್ಗು ತೆರೆದುಕೊಂಡಿತು. ಅವನು ಊದಿದ.

“ಅಪ್ಪಾ! ಅಷ್ಟು ಚಲೋ ಬಣ್ಣ ಯಾಕ ಕೆರೀತಿದ್ದೀ?” ಮೇಧಾ ಬಾಗಿಲಲ್ಲಿ ನಿಂತಿದ್ದಳು.

“ಇಲ್ಲಿ ಬೇಬಿ ಸೀಟು ಇತ್ತು. ಅದರ ಬೋಲ್ಟಿನ ಗುರುತು.”

“ಯಾರ ಬೇಬಿ ಸೀಟು? ನಿಂದಾ?”

“ಉಚ್ಚೆಂಗಪ್ಪಂದು.”

ಅವಳು ಇಳಿದು ಬಂದಳು. “ಆ ಅಜ್ಜಂದಾ? ಅತ್ತಾಗ ಒಂದ್ ಸುತ್ತು ಹಾಕಿಸ್ತಿದ್ರು ಅಂದ್ರಲ್ಲ. ಒಂದು ಸುತ್ತಿಗೆ ಯಾರಾದ್ರೂ ಸೀಟು…”

ಅವಳು ತೆರೆದ ತಗ್ಗನ್ನು ಬಗ್ಗಿ ನೋಡಿದಳು. ವಾದಿರಾಜ ತಲೆಯೆತ್ತಲಿಲ್ಲ. ಎರಡನೆಯ ತಗ್ಗಿನ ಅಂಚಿಗೆ ಬ್ಲೇಡು ಇಟ್ಟ. ಹಿಂದೆ ಅವಳ ಉಸಿರು ಕೇಳಿಸುತ್ತಿತ್ತು. ಒಳಗಿನಿಂದ ನೀರಜಾ, “ಮೇಧಾ, ಇನ್ನೊಂದು ಬಂತು ನೋಡೇ,” ಎಂದು ಕೂಗಿದಳು.

“ಅವರ ಅಪ್ಪ ಏನ್ ಮಾಡ್ತಿದ್ರು?” ಎಂದಳು ಮೇಧಾ.

“ನೀರುಗಂಟಿ.” ಅವನು ಮತ್ತೆ ಹೇಳಿದ. “ಪಾಲಪ್ಪ ಅಂತ. ಕಂಪ್ಲಿ ಕಾಲುವಿಗೆ ನೀರುಗಂಟಿ. ಬೆಲ್ಲು ಬಾರಿಸ್ಕೊಂಡು ಹೋಗ್ತಿದ್ದೋರು ಅವರು.”

ಮೇಧಾ ಸುತ್ತಿ ಬಂದು ಸೈಕಲ್ಲಿನ ಆಚೆ ಬದಿಗೆ ನಿಂತಳು. ಅವಳು ಅವನ ಮುಖ ನೋಡುತ್ತಾಳೆಂದು ಅವನು ಕಾದ. ನೋಡಲಿಲ್ಲ. ಮಕಮಲ್ಲಿನ ಕವರಿನ ಗೊಂಡೆಗಳನ್ನು ಒಂದು ಸಲ ಸವರಿ, ಸೀಟಿನ ಕೆಳಗೆ ಕೈ ಹಾಕಿ ದಾರದ ಗಂಟು ಹುಡುಕಿದಳು. ಅವನು ಬಿಗಿಯಾಗಿ ಕಟ್ಟಿದ್ದ ಗಂಟು. ಉಗುರಿನಿಂದ ಬಹಳ ಹೊತ್ತು ಎಳೆಯಬೇಕಾಯಿತು. ಕವರು ಕಳಚಿದಾಗ ಕಂದು ಬಣ್ಣದ ತೊಗಲು ಕಂಡಿತು. ಯಾರೋ ಈಗಷ್ಟೇ ಇಳಿದು ಹೋದ ಹಾಗೆ ನಡುವೆ ತಗ್ಗಿತ್ತು.

“ನಾಳೆ ಹೋಗೋಣ ಕಂಪ್ಲಿಗೆ,” ಎಂದಳು. “ಮೊಬೈಲು ಮನೆಯಲ್ಲಿಟ್ಟು.”

ಹಗ್ಗದ ಮೇಲೆ ವಾದಿರಾಜನ ಪಂಚೆಯ ಪಕ್ಕದಲ್ಲಿ ಉಚ್ಚೆಂಗಪ್ಪನ ಟವೆಲ್ಲು ಒಣಗುತ್ತಿತ್ತು. ನೀರಜಾ ಬೆಳಿಗ್ಗೆ ಒಗೆದು ಹಾಕಿದ್ದಳು. ಮೇಧಾ ಅದನ್ನು ಎಳೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಸೈಕಲ್ಲಿನ ಕ್ಯಾರಿಯರಿನ ಕ್ಲಿಪ್ಪು ಎತ್ತಿ ಅದರಡಿ ಇಟ್ಟು ಒಳಗೆ ಹೋದಳು.

ಬಿಸಿಲು ಗೋಡೆಯ ಮೇಲಕ್ಕೆ ಸರಿಯಿತು. ವಾದಿರಾಜ ಮೂರನೆಯ ತಗ್ಗು ಬಿಡಿಸಿ, ನಾಲ್ಕನೆಯದಕ್ಕೆ ಬ್ಲೇಡು ಇಟ್ಟ. ಬೂದಿಯಂಥ ಪುಡಿ ಅವನ ಮಂಡಿಯ ಮೇಲೆ, ಗಾಳಿಗೆ ಹಾರಿ ಕ್ಯಾರಿಯರಿನಲ್ಲಿದ್ದ ಬಿಳಿ ಟವೆಲ್ಲಿನ ಮಡಿಕೆಯ ಮೇಲೆ ಉದುರುತ್ತಿತ್ತು. ಅವನು ಬ್ಲೇಡು ಕೆಳಗಿಟ್ಟು, ಮೊದಲು ಟವೆಲ್ಲನ್ನು ಹೊರತೆಗೆದು ಕೊಡವಿದ.